ಕ್ಯಾನ್ಸರ್ ಪೀಡಿತರ ಮನಸ್ಸಿಗೂ ತಪಾಸಣೆ ಬೇಕು

ಕ್ಯಾನ್ಸರ್ ಪೀಡಿತರನ್ನು ಕಾಣಲು ಹೋದಾಗ ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಒಂದೇ ಬಗೆಯವು: ಊಟ ಸೇರುತ್ತಿದೆಯೇ? ನೋವು ಕಡಿಮೆಯಾಯಿತೇ? ಮುಂದಿನ ಚಿಕಿತ್ಸೆ ಎಂದು? ಹೊರಡುವ ಮುನ್ನ ‘ಧೈರ್ಯವಾಗಿರಿ’ ಎಂದು ಹೇಳಿ ಎದ್ದು ಬರುತ್ತೇವೆ. ಆ ಮಾತಿನಲ್ಲಿ ಪ್ರೀತಿಯಿದೆ, ನಿಜ. ಆದರೆ ಅದನ್ನು ಕೇಳಿದ ರೋಗಿಗೆ ‘ನನಗೆ ಧೈರ್ಯ ಸಾಲದಾಗಿದೆ’ ಎಂದು ಹೇಳಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ.

ಇಂತಹ ರೋಗವೆಂದು ತಿಳಿದಾಗ ದುಃಖವೂ ಭಯವೂ ಉಂಟಾಗುವುದು ಸಹಜ. ಬಹುಪಾಲು ಜನರಲ್ಲಿ ಅವು ಬಂದು ಹೋಗುತ್ತವೆ. ಆದರೆ ಕುಗ್ಗಿದ ಮನಸ್ಸು ಎರಡು ವಾರ ಕಳೆದರೂ ಚೇತರಿಸದೆ, ಮೊದಲು ಇಷ್ಟವಾಗಿದ್ದ ಯಾವುದರಲ್ಲಿಯೂ ಆಸಕ್ತಿಯಿಲ್ಲದಂತಾದರೆ ಅದನ್ನು ಕೇವಲ ದುಃಖವೆಂದು ಕಡೆಗಣಿಸಲಾಗದು. ಅದು ಖಿನ್ನತೆಯೆಂಬ ಕಾಯಿಲೆಯಾಗಿರಬಹುದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಸುಮಾರು 6 ಜನರಲ್ಲಿ ಒಬ್ಬರಿಗೆ ಖಿನ್ನತೆಯೂ, 10 ಜನರಲ್ಲಿ ಒಬ್ಬರಿಗೆ ಆತಂಕದ ಕಾಯಿಲೆಯೂ ಇರುತ್ತದೆ.

ಇದು ಕಣ್ಣಿಗೆ ಬೀಳದಿರಲು ಕಾರಣಗಳಿವೆ. ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು, ಆಯಾಸ, ತೂಕ ಇಳಿಯುವುದು ಖಿನ್ನತೆಯ ಲಕ್ಷಣಗಳೂ ಹೌದು, ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆಯ ಪರಿಣಾಮಗಳೂ ಹೌದು. ನಮ್ಮ ಅನೇಕ ಕುಟುಂಬಗಳಲ್ಲಿ ರೋಗದ ಹೆಸರನ್ನೇ ರೋಗಿಯಿಂದ ಮುಚ್ಚಿಡುವ ರೂಢಿಯೂ ಇದೆ. ರೋಗಿ ಬಹುವೇಳೆ ಅದನ್ನು ಊಹಿಸಿಯೇ ಇರುತ್ತಾರೆ. ಮನೆಯವರು ನೊಂದಾರೆಂದು ಅವರೂ ಸುಮ್ಮನಿರುತ್ತಾರೆ. ಹೀಗೆ ಇಬ್ಬರೂ ಒಬ್ಬರಿಂದೊಬ್ಬರು ಅಳುವನ್ನು ಬಚ್ಚಿಡುತ್ತಾರೆ.

ಆದ್ದರಿಂದಲೇ ಕೇಳಿ ತಿಳಿಯುವ ಕ್ರಮಬದ್ಧ ವಿಧಾನ ಅಗತ್ಯ. ಹೆಚ್ಚು ಬಳಕೆಯಲ್ಲಿರುವುದು ಪಿಎಚ್‌ಕ್ಯೂ-9 ಎಂಬ 9 ಪ್ರಶ್ನೆಗಳ ಪಟ್ಟಿ. ಕಳೆದ ಎರಡು ವಾರಗಳಲ್ಲಿ ನಿರಾಸಕ್ತಿ, ಹತಾಶೆ, ನಿದ್ರೆಯ ತೊಂದರೆ ಮೊದಲಾದವು ಎಷ್ಟು ದಿನ ಕಾಡಿದವೆಂಬುದಕ್ಕೆ ಪ್ರತಿ ಪ್ರಶ್ನೆಗೂ 0ಯಿಂದ 3ರವರೆಗೆ ಅಂಕ. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ಸಾಮಾನ್ಯವಾಗಿ ವಿವರವಾದ ಪರೀಕ್ಷೆಗೆ ಸೂಚಿಸುತ್ತಾರೆ. ಆತಂಕಕ್ಕೆ ಇದೇ ಮಾದರಿಯ, 7 ಪ್ರಶ್ನೆಗಳ ಜಿಎಡಿ-7 ಇದೆ. ದೇಹದ ಲಕ್ಷಣಗಳು ದಾರಿ ತಪ್ಪಿಸಬಾರದೆಂದು ಅವನ್ನು ಬಹುತೇಕ ಬಿಟ್ಟು, ಮನಸ್ಸಿನ ಸ್ಥಿತಿಯನ್ನೇ ಕೇಳುವ 14 ಪ್ರಶ್ನೆಗಳ ಮಾಪಕವೊಂದನ್ನು ಜಿಗ್ಮಂಡ್ ಮತ್ತು ಸ್ನೇಯ್ತ್ 1983ರಲ್ಲಿ ರೂಪಿಸಿದರು. ಇವುಗಳಲ್ಲಿ ಯಾವುದಕ್ಕೂ ಕೆಲವು ನಿಮಿಷಗಳು ಸಾಕು. ಓದಲು ಬಾರದವರಿಗೆ ದಾದಿಯರು ಓದಿ ಹೇಳಬಹುದು. ರೋಗ ಪತ್ತೆಯಾದಾಗ, ಚಿಕಿತ್ಸೆ ಮುಗಿದಾಗ, ರೋಗ ಮರುಕಳಿಸಿದಾಗ ಹೀಗೆ ಕೇಳುವುದು ವಿಶೇಷವಾಗಿ ಮುಖ್ಯ.

ಅಂಕವೇ ರೋಗನಿರ್ಣಯವಲ್ಲವೆಂಬುದನ್ನು ನಾವು ನೆನಪಿಡಬೇಕು. ಹತೋಟಿಗೆ ಬಾರದ ನೋವು, ರಕ್ತಹೀನತೆ, ಚಿಕಿತ್ಸೆಯ ಜೊತೆ ಕೊಡುವ ಸ್ಟೀರಾಯ್ಡ್ ಔಷಧಗಳು, ಕುತ್ತಿಗೆಯ ಭಾಗಕ್ಕೆ ವಿಕಿರಣ ಪಡೆದವರಲ್ಲಿ ಕುಂದುವ ಥೈರಾಯ್ಡ್ ಇವೆಲ್ಲವೂ ಮನಸ್ಸನ್ನು ಕುಗ್ಗಿಸಬಲ್ಲವು ಅಥವಾ ಕೆರಳಿಸಬಲ್ಲವು. ವೈದ್ಯರು ಮೊದಲು ಇವನ್ನು ಪರಿಶೀಲಿಸುತ್ತಾರೆ.

ಕೇಳಿದ ಮಾತ್ರಕ್ಕೂ ಕೆಲಸ ಮುಗಿಯದು. ಸ್ಕಾಟ್ಲೆಂಡಿನ ಕ್ಯಾನ್ಸರ್ ಚಿಕಿತ್ಸಾಲಯಗಳಲ್ಲಿ 21 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಪರಿಶೀಲಿಸಿದಾಗ, ತೀವ್ರ ಖಿನ್ನತೆಯಿದ್ದವರಲ್ಲಿ ಶೇ. 73ರಷ್ಟು ಜನರಿಗೆ ಪರಿಣಾಮಕಾರಿ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಅಲ್ಲಿಯೇ ಇಂತಹ 500 ರೋಗಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ದಾದಿಯರೂ ಮನೋವೈದ್ಯರೂ ಕೂಡಿ ನೋಡಿಕೊಂಡ ಗುಂಪಿನಲ್ಲಿ, 24 ವಾರಗಳ ನಂತರ ಶೇ. 62ರಷ್ಟು ಜನರ ಖಿನ್ನತೆ ಅರ್ಧಕ್ಕಿಂತ ಕಡಿಮೆಯಾಗಿತ್ತು ಅಥವಾ ಅರ್ಧಕ್ಕೆ ಇಳಿದಿತ್ತು. ಎಂದಿನ ಆರೈಕೆಯ ಗುಂಪಿನಲ್ಲಿ ಇದು ಶೇ. 17 ಮಾತ್ರ. ‘ಇಂತಹ ಕಾಯಿಲೆಯಲ್ಲಿ ದುಃಖ ಇರುವುದೇ’ ಎಂದು ನಾವು ಕೈಬಿಟ್ಟದ್ದು ವಾಸಿಯಾಗಬಲ್ಲ ನೋವಾಗಿತ್ತೆಂದು ಈ ಅಂಕಿಗಳು ಹೇಳುತ್ತವೆ.

ಚಿಕಿತ್ಸೆಯಲ್ಲಿ ಆಪ್ತಸಮಾಲೋಚನೆ, ಆಲೋಚನಾಕ್ರಮವನ್ನು ತಿದ್ದುವ ಮನೋಚಿಕಿತ್ಸೆ, ಅಗತ್ಯವಿದ್ದರೆ ಔಷಧ ಸೇರಿರುತ್ತವೆ. ಔಷಧವನ್ನು ತಾವಾಗಿಯೇ ಕೊಂಡು ಸೇವಿಸಬಾರದು. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಸೇವಿಸುವವರಿಗೆ ಪ್ಯಾರಾಕ್ಸಿಟಿನ್, ಫ್ಲುಆಕ್ಸಿಟಿನ್‌ನಂತಹ ಖಿನ್ನತೆಯ ಮಾತ್ರೆಗಳು ಸೂಕ್ತವಲ್ಲ. ಟ್ಯಾಮಾಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪ ತಾಳುವುದಕ್ಕೆ ಅವು ಅಡ್ಡಿಯಾಗುತ್ತವೆ.

ರೋಗಿ ‘ಬದುಕಿ ಏನು ಪ್ರಯೋಜನ’ ಎಂದರೆ ಮಾತು ಮರೆಸಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆಯನ್ನು ಬಿತ್ತಿದಂತಾಗುವುದಿಲ್ಲ. ಬಹಳ ಮಂದಿಗೆ ಹೇಳಿಕೊಂಡ ಸಮಾಧಾನ ದೊರೆಯುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ.

ಮುಂದಿನ ಬಾರಿ ಆಸ್ಪತ್ರೆಗೆ ಹೋಗುವಾಗ ರೋಗಿಯ ಮನಸ್ಸಿನ ಸ್ಥಿತಿಯನ್ನೂ ನೋಡಬೇಕೆಂದು ವೈದ್ಯರಲ್ಲಿ ನಾವೇ ಕೇಳೋಣ. ಮನೆಯಲ್ಲಿಯೂ ಧೈರ್ಯ ಹೇಳುವ ಮೊದಲು ಒಂದು ಘಳಿಗೆ ಕುಳಿತು ‘ಮನಸ್ಸಿಗೆ ಹೇಗನಿಸುತ್ತಿದೆ?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕಾಯೋಣ.