ಕೋವಿಯನ್ನು ಕೊಳ್ಳುವ ಮುನ್ನ

ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಕಕ್ಕಿಂಜೆಯಿಂದ ನಮ್ಮ ವಾಚಕರೊಬ್ಬರು ಪತ್ರವೊಂದನ್ನು ಬರೆದಿರುವರು. ಅವರು ಅಡಿಕೆಯ ಕೃಷಿಕರು. ರಾತ್ರಿಯ ಹೊತ್ತಿನಲ್ಲಿ ಕಾಡುಹಂದಿಗಳು ಹಿಂಡುಗಟ್ಟಿ ಇಳಿದು ಎಳೆಯ ಗಿಡಗಳ ಬುಡವನ್ನು ಬಗೆದು ಹಾಕುತ್ತಿವೆ. ಗದ್ದೆಯ ಪೈರು ಒಂದೇ ರಾತ್ರಿಯಲ್ಲಿ ಕೆಸರಾಗುತ್ತಿದೆ. ತಂದೆಯ ಕಾಲದ ಕೇಪಿನ ಕೋವಿಯ ಮದ್ದು ಮಳೆಗಾಲದಲ್ಲಿ ಒದ್ದೆಯಾಗಿ, ಬೇಕಾದ ಸಮಯಕ್ಕೆ ಈಡು ಹಾರುವುದಿಲ್ಲ. ಆದುದರಿಂದ ಸಿಪಾಯಿಗಳು ಹಿಡಿಯುವ ಮಾದರಿಯ ಒಳ್ಳೆಯ ರೈಫಲೊಂದನ್ನು ಕೊಳ್ಳಬೇಕೆಂದಿರುವೆನು, ಈಗ ದೊರೆಯುವವುಗಳಲ್ಲಿ ಉತ್ತಮವಾದುದು ಯಾವುದು ಎಂದು ಅವರು ಕೇಳಿರುವರು. ಪ್ರಶ್ನೆಯು ಒಬ್ಬರದಾದರೂ ಘಟ್ಟದ ತಪ್ಪಲಿನ ಅನೇಕರ ಮನಸ್ಸಿನಲ್ಲಿ ಇರತಕ್ಕದ್ದೇ ಆಗಿದೆ. ಅದಕ್ಕಾಗಿ ಉತ್ತರವನ್ನು ಬಹಿರಂಗವಾಗಿಯೇ ಕೊಡುವುದು ಲೇಸೆಂದು ನಾವು ಭಾವಿಸಿದೆವು.

ಯಾವುದು ಉತ್ತಮ ಎಂಬ ಪ್ರಶ್ನೆಗೆ ಮುಂಚೆ, ಯಾತಕ್ಕೆ ಉತ್ತಮ ಎಂಬ ಪ್ರಶ್ನೆಯುಂಟು. ನಮ್ಮ ದೇಶದ ಸೈನ್ಯವೇ ಈ ಪಾಠವನ್ನು ಬಹು ವೆಚ್ಚದಿಂದ ಕಲಿತಿದೆ. 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದುದು ಒಂದೊಂದು ಈಡಿಗೂ ಬೀಗದ ಸಲಾಕೆಯನ್ನು ಎಳೆದು ದೂಡಬೇಕಾದ ಪಾಯಿಂಟ್ 303 ಲೀ-ಎನ್‌ಫೀಲ್ಡ್. ಅದರ ಬಳಿಕ 7.62 ಮಿಲಿಮೀಟರಿನ ಸ್ವಯಂಭರಿತ ರೈಫಲು ಬಂದಿತು. ಅನಂತರ ಹಗುರವಾದ 5.56 ಮಿಲಿಮೀಟರಿನ ಇನ್ಸಾಸ್ ಬಂದಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಹಿಮದ ಚಳಿಗೆ ಅದರ ಪ್ಲಾಸ್ಟಿಕ್ಕಿನ ತೋಟಾಪೆಟ್ಟಿಗೆಗಳು ಬಿರುಕುಬಿಟ್ಟುವೆಂಬ ದೂರು ಕೇಳಿಬಂದಿತು. 2019ರಲ್ಲಿ ಅಮೆರಿಕದಿಂದ 72,400 ರೈಫಲುಗಳನ್ನು ತರಿಸುವ ಕರಾರಾಯಿತು. 2021ರಲ್ಲಿ ಅಮೇಠಿಯ ಕೋರ್ವಾದಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಎ.ಕೆ. 203 ರೈಫಲುಗಳನ್ನು ತಯಾರಿಸುವ ಒಪ್ಪಂದವಾಯಿತು. ಪ್ರಯೋಜನವೂ ಪ್ರದೇಶವೂ ಬದಲಾದಂತೆ ಉತ್ತಮವೆಂಬುದೂ ಬದಲಾಯಿತು. ಬೆಟ್ಟದ ತುದಿಯ ಸೈನಿಕನಿಗೆ ಹಿತವಾದುದು ಅಡಿಕೆತೋಟದ ಯಜಮಾನನಿಗೂ ಹಿತವೇ ಎಂಬುದನ್ನು ಮೊದಲು ವಿಚಾರಿಸಬೇಕು.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುವೆವು. 1959ರ ಆಯುಧ ಕಾಯಿದೆಯ ಪ್ರಕಾರ ಸ್ವಯಂಚಾಲಿತ ಆಯುಧಗಳು ಸಾಮಾನ್ಯ ಪ್ರಜೆಗೆ ನಿಷಿದ್ಧ. ಪಾಯಿಂಟ್ 303ರಂತಹ ಸೈನಿಕ ತೋಟಾವನ್ನು ಹಾರಿಸುವ ರೈಫಲುಗಳೂ ನಿಷಿದ್ಧ ವರ್ಗದವೇ. ಅರೆ-ಸ್ವಯಂಚಾಲಿತ ರೈಫಲುಗಳನ್ನು 2016ರ ಆಯುಧ ನಿಯಮಗಳು ನಿರ್ಬಂಧಿತ ವರ್ಗಕ್ಕೆ ಸೇರಿಸಿವೆ. ಬೆಳೆಯ ರಕ್ಷಣೆಗೆಂದು ಅರ್ಜಿ ಹಾಕುವವನಿಗೆ ಕಾಯಿದೆಯು ತೋರಿಸುವುದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ತಿರುಪುಗೆರೆಗಳಿಲ್ಲದ ನಯನಳಿಗೆಯ ಕೋವಿಯನ್ನು. ರೈಫಲು ಬೇಕೆಂದರೆ ಅದಕ್ಕೆ ಬೇರೆಯಾಗಿ ಸಕಾರಣವನ್ನು ತೋರಿಸಬೇಕಾಗುತ್ತದೆ. 2019ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದು, ಪರವಾನಿಗೆಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ.

ಹಾಗಾದರೆ ಸಿಪಾಯಿಯ ರೈಫಲಿನ ರೂಪದ ಯಾವುದೂ ಪ್ರಜೆಗೆ ಸಿಕ್ಕದೇ ಎಂದರೆ, ಸಿಕ್ಕುವುದು. ಬಂಗಾಲದ ಈಶಾಪುರದ ರೈಫಲು ಕಾರ್ಖಾನೆಯಲ್ಲಿ ತಯಾರಾಗುವ ಪಾಯಿಂಟ್ 315 ರೈಫಲು ಆ ಹಳೆಯ ಲೀ-ಎನ್‌ಫೀಲ್ಡಿನ ಬೀಗವನ್ನೇ ಹೊಂದಿದೆ. ಇದರ ಹುಟ್ಟಿನ ಕಥೆ ಸ್ವಾರಸ್ಯವಾದುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಸರಕಾರದ ಸೈನಿಕ ತೋಟಾ ಭಾರತೀಯರ ಕೈಗೆ ಸಿಕ್ಕಿದರೆ ಅಪಾಯವೆಂದು ಆಂಗ್ಲ ಪ್ರಭುತ್ವವು ಅಂಜಿತು. ಪಾಯಿಂಟ್ 303 ಬಿಟ್ಟು ಬೇರೆ ಅಳತೆಯ ತೋಟಾ ಬೇಕಾಯಿತು. ಆಸ್ಟ್ರಿಯಾದ ಮಾನ್‌ಲಿಖರ್ ರೈಫಲಿನ 8 ಮಿಲಿಮೀಟರಿನ ತೋಟಾವೇ ಇಲ್ಲಿ ಪಾಯಿಂಟ್ 315 ಎಂಬ ಹೆಸರಿನಿಂದ ನೆಲೆಯೂರಿತು. ಒಂದು ದೇಶದ ಸೈನಿಕ ತೋಟಾ, ಇನ್ನೊಂದು ದೇಶದ ಸೈನಿಕ ಬೀಗ. ಎರಡೂ ಸೇರಿ ನಮ್ಮ ದೇಶದ ಬೇಟೆಯ ಕೋವಿ! ನಮ್ಮ ಮೇಲಿನ ಅಪನಂಬಿಕೆಯಿಂದ ಹುಟ್ಟಿದ ಈ ವಸ್ತುವನ್ನು ಸ್ವತಂತ್ರ ಭಾರತವು ಮುಂದುವರಿಸಿಕೊಂಡು ಬಂದಿತು.

ಇದರೊಡನೆ ಹೋಲಿಸಬೇಕಾದುದು 30-06 ರೈಫಲು. ಇದರ ತೋಟಾವನ್ನು 1906ರಲ್ಲಿ ಅಮೆರಿಕದ ಸೈನ್ಯವು ಅಂಗೀಕರಿಸಿತ್ತು. ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಿಂದ ಹೊರಡುತ್ತದೆ. ದಾರಿ ನೇರ, ಹೊಡೆತ ಬಲವಾದುದು, ಭುಜಕ್ಕೆ ಒದೆತವೂ ಅಷ್ಟೇ. ಪಾಯಿಂಟ್ 315ರ ಗುಂಡು ಭಾರ, ವೇಗ ಕಡಿಮೆ. ಲೀ-ಎನ್‌ಫೀಲ್ಡಿನ ಬೀಗವು ಹಿಂಬದಿಯಲ್ಲಿ ಕಚ್ಚಿಕೊಳ್ಳುವುದರಿಂದ ಎಳೆದು ದೂಡುವುದಕ್ಕೆ ಬಹಳ ಸಲೀಸು, ಕೆಸರು ಧೂಳುಗಳಿಗೆ ಹೆದರುವುದಿಲ್ಲ. ಆದರೆ ಮುಂಬದಿಯಲ್ಲಿ ಕಚ್ಚಿಕೊಳ್ಳುವ ಜರ್ಮನಿಯ ಮೌಸರ್ ಮಾದರಿಯ ಬೀಗದಷ್ಟು ಒತ್ತಡವನ್ನು ತಾಳುವುದಕ್ಕೆ ಅದು ಹುಟ್ಟಿದುದಲ್ಲ. ದೂರದ ಗುರಿಗೆ 30-06 ಮೇಲು. ಸರಳತೆಗೂ ಗಟ್ಟಿತನಕ್ಕೂ ಪಾಯಿಂಟ್ 315 ಸಾಕು. ಕಪ್ಪು ಪ್ಲಾಸ್ಟಿಕ್ಕಿನ ದಾಂಡು, ಸಿಪಾಯಿಯ ಹಿಡಿ, ಉದ್ದವಾದ ದೂರದರ್ಶಕ ಇವೆಲ್ಲ ವೇಷ ಮಾತ್ರ; ವೇಷವು ಗುಂಡನ್ನು ಗುರಿಗೆ ಕೊಂಡೊಯ್ಯುವುದಿಲ್ಲ.

ಇಷ್ಟನ್ನು ಹೇಳಿದ ಮೇಲೆ ಮುಖ್ಯ ಮಾತಿಗೆ ಬರುವೆವು. ಕಕ್ಕಿಂಜೆಯ ತೋಟದಲ್ಲಿ ಹಂದಿ ಕಾಣಿಸುವುದು ಎಷ್ಟು ದೂರದಲ್ಲಿ? ಅಡಿಕೆಯ ಸಾಲುಗಳ ನಡುವೆ, ಟಾರ್ಚಿನ ಬೆಳಕಿನಲ್ಲಿ, ಇಪ್ಪತ್ತು ಮೂವತ್ತು ಮೀಟರಿನಲ್ಲಿ. ಆ ಹಂದಿಯ ಆಚೆಗೆ ಏನಿದೆ? ಇನ್ನೊಂದು ತೋಟ, ಅದರೊಳಗೆ ಕತ್ತಲಲ್ಲಿ ಕಾಣದ ಒಂದು ಮನೆ, ಅದರಾಚೆ ಉಜಿರೆಯಿಂದ ಚಾರ್ಮಾಡಿಗೆ ಹೋಗುವ ಹೆದ್ದಾರಿ. ರೈಫಲಿನ ಗುಂಡು ತಡೆಯಿಲ್ಲದಿದ್ದರೆ ಎರಡು ಮೂರು ಕಿಲೋಮೀಟರಿಗೂ ಮಿಕ್ಕಿ ಹೋಗಬಲ್ಲುದು. ಹಂದಿಯ ಮೈಯನ್ನು ದಾಟಿಯೂ ಹೋಗಬಲ್ಲುದು. ನಮ್ಮ ಮುರಕಲ್ಲಿನ ನೆಲಕ್ಕೆ ಬಡಿದು ಎತ್ತಲಾದರೂ ತಿರುಗಬಲ್ಲುದು. ತಪ್ಪಿದ ಗುಂಡನ್ನು ಕರೆದು ತರುವ ವಿದ್ಯೆ ಇನ್ನೂ ಹುಟ್ಟಿಲ್ಲ. 12 ಬೋರಿನ ಕೋವಿಯಾದರೋ, ಎಂದರೆ ಒಂದು ಪೌಂಡು ಸೀಸದಿಂದ ಮಾಡಿದ ಹನ್ನೆರಡು ಸಮ ಗುಂಡುಗಳಲ್ಲಿ ಒಂದು ಹಿಡಿಸುವಷ್ಟು ಬಾಯಿಯುಳ್ಳದ್ದು, ದಪ್ಪ ಚರೆಯ ಎಲ್.ಜಿ. ತೋಟಾದಿಂದ ಮೂವತ್ತು ನಲವತ್ತು ಮೀಟರಿನಲ್ಲಿ ತನ್ನ ಕೆಲಸವನ್ನು ಮಾಡಿ ಮುಗಿಸುತ್ತದೆ. ಅದರ ಚರೆಗಳೂ ಹತ್ತಿರದಲ್ಲಿ ಮನುಷ್ಯನನ್ನು ಕೊಲ್ಲುವಂತಹವೇ. ಆದರೆ ಅವುಗಳ ಬಲವು ರೈಫಲಿನ ಗುಂಡಿಗಿಂತ ಬಹುಬೇಗನೆ ಕುಂದುತ್ತದೆ. ಜೋಡುನಳಿಗೆಯದಾದರೆ ಎರಡನೆಯ ಈಡು ಕೈಯಲ್ಲೇ ಇರುತ್ತದೆ. ಮುರಿದು ತೆರೆದಾಗ ತುಂಬಿದೆಯೋ ಬರಿದೋ ಎಂಬುದು ಮಕ್ಕಳಿಗೂ ಕಾಣುತ್ತದೆ. ತೋಟದ ಕಾವಲಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಬೇಕೆ?

ಯಾವ ಜಾತಿಯ ಕೋವಿಯೇ ಆಗಲಿ, ಕೊಳ್ಳುವಾಗ ಆ ಒಂದು ಕೋವಿಯ ಪರೀಕ್ಷೆ ಬೇರೆ ಆಗಬೇಕು. 1980ರ ದಶಕದಿಂದ ಪ್ರಜೆಗಳಿಗೆ ವಿದೇಶೀ ಕೋವಿಗಳ ಆಮದು ನಿಂತುಹೋದುದರಿಂದ ಹಳೆಯ ವಿಲಾಯತಿ ಕೋವಿಗಳು ಹೆಸರಿನ ಬಲದಿಂದಲೇ ದುಬಾರಿ ಬೆಲೆಗೆ ಕೈಬದಲಾಗುತ್ತಿವೆ. ಹೆಸರನ್ನು ಕೊಳ್ಳಬೇಡಿರಿ, ನಳಿಗೆಯನ್ನು ಕೊಳ್ಳಿರಿ. ತೋಟಾ ಇಲ್ಲವೆಂದು ಎರಡು ಸಲ ನೋಡಿ, ಬೀಗವನ್ನು ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಬೇಕು. ತಿರುಪುಗೆರೆಗಳ ಅಂಚು ಹರಿತವಾಗಿರಬೇಕು. ತುಕ್ಕಿನ ಕುಳಿಗಳಿದ್ದರೆ ಬಿಡಬೇಕು. ನಮ್ಮ ಕರಾವಳಿಯ ತೇವದಲ್ಲಿ ಒಂದು ಮಳೆಗಾಲದ ಅಲಕ್ಷ್ಯವೇ ನಳಿಗೆಯನ್ನು ಕೆಡಿಸಬಲ್ಲುದು. ನಳಿಗೆಯ ಬಾಯಿಯ ಅಂಚು ಮುಕ್ಕಾಗಿದ್ದರೆ ಗುರಿ ನಿಲ್ಲದು. ಬೀಗದ ಮೇಲಿನ ಸಂಖ್ಯೆಯೂ ಕೋವಿಯ ಮೈಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು. ಬೀಗಕ್ಕೂ ತೋಟಾದ ಬೆನ್ನಿಗೂ ನಡುವಣ ಅಂತರವನ್ನು ಬಲ್ಲವರಿಂದ ಅಳೆಯಿಸಬೇಕು. ಅದು ಹೆಚ್ಚಾದರೆ ತೋಟಾದ ಹಿತ್ತಾಳೆ ಬುಡದಲ್ಲಿ ಹರಿದು ಬೆಂಕಿ ಕಣ್ಣಿಗೆ ಹಾರುತ್ತದೆ. ಕುದುರೆಯು ಕೈತಾಗಿದೊಡನೆ ಬೀಳುವಷ್ಟು ಸಡಿಲವಾಗಿರಬಾರದು. ತಯಾರಕರ ಹೆಸರು, ಸಂಖ್ಯೆ, ಬಲಪರೀಕ್ಷೆಯ ಮುದ್ರೆ ಇಲ್ಲದ ಕೋವಿಯನ್ನು ಮುಟ್ಟಲೂ ಬಾರದು. ಕಡೆಗೆ, ಪರವಾನಿಗೆ ಪಡೆದ ಗುರಿಮೈದಾನದಲ್ಲಿ ಒಂದೇ ತಂಡದ ಐದು ತೋಟಾಗಳನ್ನು ಹಾರಿಸಿ ರಂಧ್ರಗಳು ಎಷ್ಟು ಒತ್ತಾಗಿ ಬಿದ್ದಿವೆಯೆಂದು ನೋಡಿದಲ್ಲದೆ ಯಾವ ರೈಫಲಿನ ಗುಣವೂ ತಿಳಿಯದು.

ಇನ್ನೊಂದು ಮಾತು. ಕೋವಿಯ ಪರವಾನಿಗೆಯು ಕೊಲ್ಲುವ ಪರವಾನಿಗೆಯಲ್ಲ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯಿದೆಯ ಪ್ರಕಾರ ಕಾಡುಹಂದಿಯು ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿಯಾದರೂ ಅಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಕೊಂದರೆ ಅಪರಾಧ. ಆನೆ, ಕಾಟಿಗಳು ಮೊದಲನೆಯ ಅನುಸೂಚಿಯವು. ತನ್ನ ಅಥವಾ ಪರರ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಮಾಡಿದುದಕ್ಕೆ ಮಾತ್ರ ಕಾನೂನು ಕ್ಷಮೆಯನ್ನು ಕೊಡುತ್ತದೆ.

ಇಷ್ಟೆಲ್ಲ ಎಚ್ಚರಿಕೆಯನ್ನು ಹೇಳುವ ನಾವು ಪ್ರಜೆಯ ಕೈಯಿಂದ ಕೋವಿಯನ್ನು ಕಿತ್ತುಕೊಳ್ಳಬೇಕೆನ್ನುವವರಲ್ಲ. 1878ರ ಆಯುಧ ಕಾಯಿದೆಯು ಇಡೀ ಜನಾಂಗವನ್ನು ನಿರಾಯುಧಗೊಳಿಸಿದುದನ್ನು ಅಹಿಂಸೆಯ ಪ್ರವಾದಿಯಾದ ಮಹಾತ್ಮಾ ಗಾಂಧಿಯವರೇ ಖಂಡಿಸಿದ್ದರು. 1931ರ ಕರಾಚಿ ಕಾಂಗ್ರೆಸ್ಸು ನಿಯಮಕ್ಕೊಳಪಟ್ಟು ಆಯುಧವನ್ನು ಧರಿಸುವುದನ್ನು ಪ್ರಜೆಯ ಮೂಲಭೂತ ಹಕ್ಕುಗಳಲ್ಲಿ ಎಣಿಸಿತ್ತು. ನೆರೆಯ ಕೊಡಗಿನಲ್ಲಿ 1861ರಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರವು 2029ರ ವರೆಗೆ ಮುಂದುವರಿಸಿದೆ. ಅಲ್ಲಿಯ ಜನರು ಕೈಲ್‌ಪೊಳ್ದಿನಂದು ಕೋವಿಯನ್ನು ಪೂಜಿಸಿ ಕುಲದ ಮಾನವೆಂದು ಕಾಯುತ್ತಾರೆ. ಹಕ್ಕು ಗೌರವದಿಂದ ಉಳಿಯುವುದೆಂಬುದಕ್ಕೆ ಇದೇ ನಿದರ್ಶನ.

ಸರಕಾರಕ್ಕೂ ಕರ್ತವ್ಯವಿದೆ. ಆಯುಧದ ಸುರಕ್ಷಿತ ಬಳಕೆಯ ತರಬೇತಿಯನ್ನು 2016ರ ನಿಯಮಗಳೇ ವಿಧಿಸಿವೆ. ಆ ತರಬೇತಿಯು ಬೆಳ್ತಂಗಡಿಯ ಕೃಷಿಕನಿಗೆ ತಾಲೂಕಿನಲ್ಲೇ ದೊರೆಯಲಿ; ಕೊಳ್ಳುವ ಕೋವಿಯನ್ನು ಹಾರಿಸಿ ನೋಡುವುದಕ್ಕೂ ಬಲ್ಲವರಿಂದ ತಪಾಸಣೆ ಮಾಡಿಸುವುದಕ್ಕೂ ಅಲ್ಲೊಂದು ಮೈದಾನವಿರಲಿ. ಎತ್ತನ್ನು ಹಲ್ಲು ಹಿಡಿದು ನೋಡಿ ಕೊಳ್ಳುವ ರೈತನು ಪ್ರಾಣ ತೆಗೆಯಬಲ್ಲ ಕೋವಿಯನ್ನು ಕಣ್ಣುಮುಚ್ಚಿ ಕೊಳ್ಳಬೇಕಾಗಿರುವುದು ಸರಿಯಲ್ಲ. ಚುನಾವಣೆ ಬಂದೊಡನೆ ತೋಟದ ಕೋವಿಯನ್ನು ಠಾಣೆಯಲ್ಲಿಡಿಸುವಾಗ, ಪರಿಶೀಲನಾ ಸಮಿತಿಯು ಪ್ರತಿಯೊಬ್ಬನ ವಿಷಯವನ್ನೂ ನಿಜವಾಗಿ ಪರಿಶೀಲಿಸಲಿ. ಹಂದಿಗಳು ಚುನಾವಣೆಯ ಪಂಚಾಂಗವನ್ನು ನೋಡಿ ಬರುವುದಿಲ್ಲ.

ಕಕ್ಕಿಂಜೆಯ ಮಿತ್ರರಿಗೆ ನಮ್ಮ ಉತ್ತರವಿಷ್ಟೆ: ರೈಫಲಿನ ಆಸೆಯನ್ನು ಬಿಡಿರಿ, ತಂದೆಯ ಕೇಪಿನ ಕೋವಿ ಸಾಲದೆಂದು ಜಿಲ್ಲಾಧಿಕಾರಿಗಳಿಗೆ ಕಾರಣಸಹಿತ ಬರೆದು, 12 ಬೋರಿನ ಗಟ್ಟಿಯಾದ ಜೋಡುನಳಿಗೆಯ ಕೋವಿಯನ್ನು ಪರೀಕ್ಷಿಸಿ ಕೊಳ್ಳಿರಿ. ಒಂದು ಹಗಲು ನಿಮ್ಮ ತೋಟದ ಸುತ್ತಲೂ ನಡೆದು, ಯಾವ ದಿಕ್ಕಿಗೆ ಹೊಡೆಯಬಾರದೆಂಬುದನ್ನು ಗುರುತು ಮಾಡಿಕೊಳ್ಳಿರಿ. ಹಂದಿ ತಿಂದ ಬೆಳೆ ಮುಂದಿನ ವರ್ಷ ಮತ್ತೆ ಬಂದೀತು. ನೆರೆಮನೆಯವನ ಪ್ರಾಣ ಬಾರದು.