ಮಳೆಯ ಸದ್ದನ್ನು ಮೀರುವ ಕೂಗು

ಸಂಸೆಯ ಹೆಂಚಿನ ಮನೆಗಳಲ್ಲಿ ಆಷಾಢದ ಮಳೆ ಹಿಡಿದರೆ ಪಕ್ಕದವರ ಮಾತೂ ಕೇಳಿಸದು. ಮೂಡಿಗೆರೆ ಸೀಮೆಯ ತೋಟಗಳಿಗೆ ಕಾಡಾನೆ ಇಳಿಯುವ ಈ ದಿನಗಳಲ್ಲಿ, ಬೇಲಿ ಅಲುಗಿದೊಡನೆ ಮನೆಯೊಳಗೆ ಎಚ್ಚರಿಸುವ ಗಂಟೆಯೊಂದು ಬೇಕೆಂಬವರಿಗೆ ದುಬಾರಿ ಸೈರನ್ನೇ ಆಗಬೇಕಿಲ್ಲವೆಂದು ನಾವು ಹೇಳುವೆವು. ಕೆಲವೇ ರೂಪಾಯಿಯ ಪಿಯೆಜೊ ಬಿಲ್ಲೆ, ಉಗುರಗಲದ ಗಣಕವಾದ ಮೈಕ್ರೋಕಂಟ್ರೋಲರ್ ಸಾಕು.

ಗುಟ್ಟಿರುವುದು ಶ್ರುತಿಯಲ್ಲಿ. ಪ್ರತಿ ಬಿಲ್ಲೆಗೂ ತನ್ನದೇ ಕಂಪನವುಂಟು. ಅನೇಕವುಗಳಲ್ಲಿ ಅದು ಸೆಕೆಂಡಿಗೆ 2,000ದಿಂದ 4,000. ಗಣಕ ಅದನ್ನೇ ಹಿಡಿದರೆ ಬಿಲ್ಲೆ ಕಿರುಚುವುದು, ತಪ್ಪಿದರೆ ಬರಿದೆ ಗುಂಯ್ಗುಡುವುದು. ಬಿಲ್ಲೆಯ ಎರಡು ತಂತಿಗಳನ್ನೂ ಗಣಕದ ಎರಡು ಪಿನ್ನುಗಳಿಗೆ ಕೊಟ್ಟು, ಒಂದು ಏರುವಾಗ ಇನ್ನೊಂದು ಇಳಿಯುವಂತೆ ಮಾಡಿದರೆ 5 ವೋಲ್ಟಿನ ತೂಗಾಟ 10 ಆಗಿ, ಸದ್ದು ಸುಮಾರು 6 ಡೆಸಿಬೆಲ್ ಹೆಚ್ಚುವುದು. ಇದಕ್ಕೆ ಬೇರೆ ಖರ್ಚೇ ಇಲ್ಲ!

ವಯಸ್ಸಾದವರ ಕಿವಿಗೆ ತಾರಸ್ವರ ಮಂದ. ಅಜ್ಜ ಅಜ್ಜಿಯರಿರುವ ಮನೆಗೆ 2,000ದ ಆಸುಪಾಸಿನ ಬಿಲ್ಲೆಯನ್ನೇ ಕೇಳಿ ತರುವುದು ಲೇಸು.