‘ನನಗೇನಾಗಿದೆ?’ ಎನ್ನುವ ಗೆಳೆಯ

ಕಾಫಿಗೆ ರೇಟು ಬಂತು ಎಂದರೆ, ‘ಬಂದು ಏನಾಗ್ಬೇಕು, ಕೊಯ್ಯೋಕೆ ಆಳೆಲ್ಲಿ?’ ಎನ್ನುತ್ತಾನೆ. ಆಳು ಸಿಕ್ಕರು ಎಂದರೆ, ‘ಕಣದಲ್ಲಿ ಹರಡಿದ ದಿನವೇ ಮಳೆ ಹೊಡೆಯುತ್ತೆ, ನೋಡ್ತಿರು’ ಎನ್ನುತ್ತಾನೆ. ಮಳೆಯೂ ಬಾರದೆ ಕಾಫಿ ಒಣಗಿ ಚೀಲ ಸೇರಿದರೆ, ‘ಇದು ಸಾಲದ ಬಡ್ಡಿಗೂ ಸಾಲದು’. ಕೊಡಗಿನ ಸೋಮವಾರಪೇಟೆಯಲ್ಲಿ ಹೋಟೆಲಿನ ಮೇಜು ಹಿಡಿದು ಕೂರುವ ಯಾವ ಗೆಳೆಯರ ಗುಂಪಿನಲ್ಲೂ ಇಂಥವನೊಬ್ಬ ಸಿಗಬಹುದು. ಮೊದಮೊದಲು ಎಲ್ಲರೂ ಸಮಾಧಾನ ಹೇಳುತ್ತಾರೆ. ಆಮೇಲೆ ತಮಾಷೆ ಶುರುವಾಗುತ್ತದೆ. ಕಡೆಗೊಂದು ದಿನ ಅವನಿಗೆ ಫೋನ್ ಮಾಡುವುದನ್ನೇ ಬಿಡುತ್ತಾರೆ.

ಹಾಗೆ ಬಿಟ್ಟವರು ಕಲ್ಲೆದೆಯವರೇನಲ್ಲ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಕೋಯ್ನ್ 1976ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಆರೋಗ್ಯವಂತರು ಅಪರಿಚಿತರೊಂದಿಗೆ ಫೋನಿನಲ್ಲಿ ಬರೀ 20 ನಿಮಿಷ ಮಾತಾಡಿದರು. ಆ ಕಡೆ ಇದ್ದವರಲ್ಲಿ ಕೆಲವರಿಗೆ ಖಿನ್ನತೆ ಇತ್ತು. ಅವರೊಡನೆ ಮಾತಾಡಿ ಫೋನಿಟ್ಟವರ ಮನಸ್ಸು ಭಾರವಾಗಿತ್ತು, ಅಸಹನೆ ಹುಟ್ಟಿತ್ತು, ಮತ್ತೆ ಆ ವ್ಯಕ್ತಿಯ ಸಹವಾಸ ಬೇಡ ಅನಿಸಿತ್ತು. ಮುಖ ನೋಡದ, ಹೆಸರು ಗೊತ್ತಿಲ್ಲದವರ ಪಾಡೇ ಇದಾದರೆ, ವರ್ಷಗಟ್ಟಲೆ ಕೇಳಿಸಿಕೊಂಡ ಗೆಳೆಯನಿಗೆ ಸುಸ್ತಾದದ್ದರಲ್ಲಿ ಆಶ್ಚರ್ಯವೇನು? ಆದರೆ ಖಿನ್ನತೆಯಲ್ಲಿರುವವನಿಗೆ ಈ ಅಸಹನೆ ಬೇಗ ಕಾಣುತ್ತದೆ. ‘ನಾನು ಯಾರಿಗೂ ಬೇಡ’ ಎಂಬ ಅವನ ನಂಬಿಕೆಗೆ ಕಣ್ಣೆದುರೇ ಸಾಕ್ಷಿ ಸಿಕ್ಕಂತಾಗುತ್ತದೆ.

ಗೊಣಗುವವರೆಲ್ಲ ಖಿನ್ನರೇ ಎಂದಲ್ಲ. ಬೆಳೆಗಾರರಲ್ಲಿ ಗೊಣಗಾಟ ಅರ್ಧ ರೂಢಿ, ಅರ್ಧ ಲೆಕ್ಕಾಚಾರ. ನೋಡಬೇಕಾದದ್ದು ಮೊದಲಿದ್ದ ಮನುಷ್ಯ ಬದಲಾಗಿದ್ದಾನೆಯೇ ಎಂಬುದನ್ನು. ಎರಡು ವಾರಕ್ಕೂ ಮೀರಿ ದಿನದ ಬಹುಹೊತ್ತು ಮಂಕಾಗಿರುವುದು, ಇಷ್ಟದ ಕೆಲಸದಲ್ಲೂ ರುಚಿ ಹೋಗುವುದು, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಎಲ್ಲದಕ್ಕೂ ತನ್ನದೇ ತಪ್ಪು ಅನ್ನಿಸುವುದು. ಇವುಗಳಲ್ಲಿ ಹಲವು ಒಟ್ಟಿಗೆ ಬಂದು ದಿನದ ಕೆಲಸಕ್ಕೇ ಅಡ್ಡಿಯಾದರೆ ಅದನ್ನು ಸ್ವಭಾವ ಎಂದು ತಳ್ಳಿಹಾಕುವಂತಿಲ್ಲ.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತಮುತ್ತ ಗುಡ್ಡಗಳು ಜರಿದು ಮನೆ, ತೋಟ, ರಸ್ತೆಗಳನ್ನು ಎಳೆದೊಯ್ದವು. ಅಂಥದ್ದನ್ನು ಕಂಡು ಬಂದವನಿಗೆ ಬೇಜಾರಾಗದೆ ಇನ್ನೇನಾದೀತು ಎಂದು ಊರವರು ಕೇಳುತ್ತಾರೆ. ಅವನೂ ಅದನ್ನೇ ಹೇಳುತ್ತಾನೆ: ‘ಹೋದ ತೋಟ ಡಾಕ್ಟ್ರು ವಾಪಸ್ ಕೊಡ್ತಾರಾ?’ ಸರಿಯಾದ ಪ್ರಶ್ನೆಯೇ. ಆದರೆ ಕಾರಣವಿದ್ದು ಬಂದ ಖಿನ್ನತೆಯೂ ಖಿನ್ನತೆಯೇ. ಕಾಲು ಮುರಿದದ್ದು ಯಾಕೆಂದು ಗೊತ್ತಿದ್ದ ಮಾತ್ರಕ್ಕೆ ಯಾರೂ ಪಟ್ಟಿ ಕಟ್ಟಿಸದೆ ಬಿಡುವುದಿಲ್ಲ.

ಚಿಕಿತ್ಸೆ ಬೇಡವೆನ್ನುವವನ ಹಿಂದೆ ದೊಡ್ಡ ಗುಂಪೇ ಇದೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ ಇದ್ದ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಬೇಡ ಎನ್ನಲು ಕಾರಣಗಳು ಬೇಕಾದಷ್ಟು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಪೇಟೆಯಲ್ಲಿ ‘ತಲೆ ಡಾಕ್ಟರ’ ಬಾಗಿಲಲ್ಲಿ ಕಂಡರೆ ಮಗಳ ಮದುವೆಯ ಮಾತಿನವರೆಗೂ ಅದು ಹೋದೀತು. ಮಾತ್ರೆ ಚಟವಾಗುತ್ತದೆಂಬ ಹೆದರಿಕೆ ಬೇರೆ, ಖಿನ್ನತೆಗೆ ಕೊಡುವ ಸಾಮಾನ್ಯ ಔಷಧಿಗಳು ಚಟ ಹಿಡಿಸುವಂಥವಲ್ಲದಿದ್ದರೂ. ಎಲ್ಲಕ್ಕಿಂತ ಗಟ್ಟಿಯಾದ ಕಾರಣ ಕಾಯಿಲೆಯೊಳಗೇ ಇದೆ. ಯಾವುದರಿಂದಲೂ ಏನೂ ಆಗದು ಎನ್ನಿಸುವುದೇ ಅದರ ಲಕ್ಷಣ. ಅಂಥವನೆದುರು ‘ಧೈರ್ಯ ತಗೋ’, ‘ನಿನಗೇನು ಕಮ್ಮಿ’ ಎಂದು ವಾದಕ್ಕೆ ಕುಳಿತರೆ ಗೆಲ್ಲುವುದು ಅವನೇ. ಅವನು ಆ ವಾದವನ್ನು ರಾತ್ರಿಯೆಲ್ಲ ತನ್ನೊಡನೆಯೇ ಮಾಡಿ ಪಳಗಿದ್ದಾನೆ.

ವಾದ ಬಿಟ್ಟು ಕೆಲಸಕ್ಕೆ ಕರೆಯುವುದು ಉತ್ತಮ ಎನ್ನಲು ನೆರೆಯ ಗೋವಾದಲ್ಲೇ ಒಳ್ಳೆಯ ಆಧಾರವಿದೆ. ಅಲ್ಲಿನ ಸಂಗಾತ್ ಸಂಸ್ಥೆ ಮನೋವೈದ್ಯಶಾಸ್ತ್ರ ಓದಿರದ ಸಾಮಾನ್ಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆಯವರೊಡನೆ ಆರರಿಂದ ಎಂಟು ಭೇಟಿ ನಡೆಸುವಂತೆ ಮಾಡಿತು. ಭೇಟಿಯ ತಿರುಳು ಇಷ್ಟೇ: ಮನಸ್ಸು ಸರಿಹೋಗಲಿ ಎಂದು ಕಾಯದೆ, ಮೊದಲು ಮಾಡುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವುದು. 2017ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳಲ್ಲಿ ಈ ಗುಂಪಿನ ಶೇ 64ರಷ್ಟು ಮಂದಿ ಖಿನ್ನತೆಯ ಗೆರೆಯಿಂದ ಕೆಳಗಿಳಿದಿದ್ದರು, ಮಾಮೂಲಿ ಆರೈಕೆ ಪಡೆದವರಲ್ಲಿ ಅದು ಶೇ 39.

ತರಬೇತಿ ಪಡೆದವರ ಕೆಲಸವನ್ನು ಗೆಳೆಯ ಪೂರ್ತಿ ಮಾಡಲಾರ. ಅದರ ಒಂದು ಎಳೆಯನ್ನಂತೂ ಹಿಡಿಯಬಹುದು. ‘ಯಾವಾಗಾದ್ರೂ ಬಾ’ ಎಂದರೆ ಅವನು ಬರುವುದಿಲ್ಲ. ‘ಮೆಣಸಿನ ಬಳ್ಳಿ ಕಟ್ಟೋಕೆ ಒಬ್ಬನೇ ಇದ್ದೀನಿ ಮಾರಾಯ, ಹತ್ತು ಗಂಟೆಗೆ ಜೀಪು ತರ್ತೀನಿ’ ಎಂದರೆ ಬಂದಾನು. ಬಾರದಿದ್ದರೆ ಮುನಿಸಿಲ್ಲದೆ ಮುಂದಿನ ವಾರ ಮತ್ತೆ ಕರೆಯಬೇಕು. ಡಾಕ್ಟರ ವಿಷಯದಲ್ಲೂ ಹಾಗೆಯೇ. ಮನೋವೈದ್ಯರ ಹೆಸರೆತ್ತಿದರೆ ಸಿಡಿಯುವವನು ನಿದ್ದೆಗೆಟ್ಟದ್ದಕ್ಕೆ, ಮೈಕೈ ನೋವಿಗೆ ಪರಿಚಯದ ಡಾಕ್ಟರ ಬಳಿ ಬರಲು ಒಪ್ಪಬಹುದು. ಥೈರಾಯ್ಡ್ ಕೊರತೆಯೂ ಖಿನ್ನತೆಯಂತೆಯೇ ಕಾಣಿಸಿಕೊಳ್ಳುವುದರಿಂದ ಒಂದು ರಕ್ತಪರೀಕ್ಷೆ ಹೇಗೂ ಬೇಕು. ಅದು ಸುಳ್ಳು ನೆಪವೇನಲ್ಲ. ಮಾನಸಿಕ ಕಾಯಿಲೆಗಳ ಆರಂಭದ ಚಿಕಿತ್ಸೆ ಸಾಮಾನ್ಯ ವೈದ್ಯರಿಂದಲೂ ಆಗಬಹುದು ಎಂಬ ನಂಬಿಕೆಯಿಂದಲೇ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ಬಲವಂತಕ್ಕೆ ಕಾನೂನಿನಲ್ಲಿ ಜಾಗ ಕಡಿಮೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಂತೆ, ತನ್ನ ಚಿಕಿತ್ಸೆಯ ಬಗ್ಗೆ ಅರಿತು ನಿರ್ಧರಿಸಬಲ್ಲ ವಯಸ್ಕ ಬೇಡವೆಂದರೆ ಬೇಡ. ತನಗೋ ಇತರರಿಗೋ ಅಪಾಯ ತರುವ ಸ್ಥಿತಿಯಂಥ ಸಂದರ್ಭಗಳಲ್ಲಿ ಮಾತ್ರ, ವೈದ್ಯರ ಪರೀಕ್ಷೆಯ ನಂತರ, ಒಪ್ಪಿಗೆ ಇಲ್ಲದೆ ದಾಖಲಿಸಬಹುದು. ಅದೂ ಮೊದಲಿಗೆ 30 ದಿನಗಳವರೆಗೆ. ಹೆಚ್ಚಿನವರಿಗೆ ಗೊತ್ತಿರದ ಇನ್ನೊಂದು ಅವಕಾಶ ಅದೇ ಕಾಯ್ದೆಯಲ್ಲಿದೆ: ಮುಂದೆ ತನ್ನ ಪರವಾಗಿ ಮಾತಾಡಲು ಒಪ್ಪುವ ಯಾವ ವಯಸ್ಕರನ್ನಾದರೂ, ಗೆಳೆಯನನ್ನು ಕೂಡ, ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ ಪ್ರತಿನಿಧಿಯಾಗಿ ನೇಮಿಸಬಹುದು. ಮನಸ್ಸು ತುಸು ತಿಳಿಯಾಗಿರುವ ದಿನಗಳಲ್ಲಿ ಇದನ್ನು ಮಾತಾಡಿಟ್ಟುಕೊಳ್ಳುವುದು ವಾಸಿ.

ಸಾವಿನ ಮಾತು ಬಂದಾಗ ಮಾತ್ರ ನಯ ನಾಜೂಕು ಪಕ್ಕಕ್ಕಿಡಬೇಕು. ‘ಸಾಯ್ಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಎಷ್ಟೋ ಸಲ ಕೇಳಿದ್ದರಿಂದಲೇ ಎದೆ ಹಗುರಾಗುತ್ತದೆ. ಹೌದೆಂದರೆ ಗುಟ್ಟು ಕಾಯುವ ಮಾತು ಅಲ್ಲಿಗೆ ಮುಗಿಯಿತು, ಮನೆಯವರಿಗೆ ತಿಳಿಸಿ, ಒಬ್ಬನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕೊಡಗಿನ ಎಷ್ಟೋ ಮನೆಗಳಲ್ಲಿ ಕೋವಿ ಇದೆ, ತೋಟದ ಗೋದಾಮಿನಲ್ಲಿ ಕೀಟನಾಶಕವಿದೆ. ಎರಡನ್ನೂ ಕೆಲಕಾಲ ನೆಂಟರ ಮನೆಗೆ ಸಾಗಿಸುವುದು ನೂರು ಬುದ್ಧಿಮಾತಿಗಿಂತ ಮೇಲು. 1841ರ ಜನವರಿಯಲ್ಲಿ ಅಬ್ರಹಾಂ ಲಿಂಕನ್ ಖಿನ್ನತೆಯಲ್ಲಿ ಕುಸಿದಾಗ ಗೆಳೆಯ ಜೋಶುವಾ ಸ್ಪೀಡ್ ಮಾಡಿದ್ದೂ ಇದನ್ನೇ. ಕೋಣೆಯಿಂದ ಚೂರಿ, ಕ್ಷೌರದ ಕತ್ತಿಗಳನ್ನು ತೆಗೆಸಿಟ್ಟ. ಅದೇ ವರ್ಷ ಕೆಂಟಕಿಯ ತನ್ನ ಮನೆಯ ತೋಟದಲ್ಲಿ ಕೆಲವು ವಾರ ಇರಿಸಿಕೊಂಡ. ಮರುವರ್ಷ ಮದುವೆಯ ಹೊಸ್ತಿಲಲ್ಲಿ ಸ್ಪೀಡ್‌ನ ಮನಸ್ಸು ಕದಡಿದಾಗ ಪತ್ರ ಬರೆದು ಸಂತೈಸಿದವನು ಲಿಂಕನ್.

ಇಷ್ಟೆಲ್ಲ ಮಾಡುವವನೂ ಮನುಷ್ಯನೇ. ರಾತ್ರಿ ಹನ್ನೊಂದರ ಫೋನು ದಿನವೂ ಎತ್ತಲಾಗದಿದ್ದರೆ, ‘ಬೆಳಗ್ಗೆ ಏಳಕ್ಕೆ ನಾನೇ ಮಾಡ್ತೀನಿ’ ಎಂದು ಹೇಳಿ ಹಾಗೇ ಮಾಡುವುದು, ಎತ್ತಿ ಸಿಡುಕುವುದಕ್ಕಿಂತ ಒಳಿತು. ಭಾರವನ್ನು ಇಬ್ಬರು ಮೂವರು ಹಂಚಿಕೊಳ್ಳಬಹುದು: ಒಬ್ಬ ತೋಟಕ್ಕೆ ಕರೆದರೆ ಇನ್ನೊಬ್ಬ ವಾಲಿಬಾಲ್ ನೋಡಲು ಕರೆಯಲಿ. 2022ರ ಅಕ್ಟೋಬರ್ 10ರಂದು ಶುರುವಾದ, ನಿಮ್ಹಾನ್ಸ್ ಉಸ್ತುವಾರಿಯ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆಯವನೇ ಕರೆಯಬೇಕೆಂಬ ನಿಯಮವಿಲ್ಲ. ಅವನು ಒಪ್ಪುವವರೆಗೆ ಅವನ ಗೆಳೆಯನೇ ಕರೆ ಮಾಡಿ, ಮುಂದೇನು ಮಾಡಲಿ ಎಂದು ಕೇಳಬಹುದು.